ಸೈಕ್ಲೋನ್ ಪುದುಚೇರಿಗೆ, ಬೂಸು ನಮ್ಮ ಅಡಿಕೆಗೆ

ಪ್ರಶ್ನೆ (ಹೊಸನಗರ ಕಡೆಯ ಬೆಳೆಗಾರ): ಸಾರ್, 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗ ಬೇಯಿಸಿದ ಅಡಿಕೆ ಅಂಗಳದಲ್ಲಿತ್ತು. ಟಿವಿಯ ಗೆರೆ ಪುದುಚೇರಿಗೆ ಹೋಗಿತ್ತು, ನಮಗೇನು ಅಂತ ಸುಮ್ಮನಿದ್ದೆ. ಮೋಡ ಮುಚ್ಚಿ ಮಳೆ ಹಿಡೀತು, ಅಡಿಕೆಗೆ ಬೂಸು ಬಂತು. ಇಷ್ಟೆಲ್ಲ ಉಪಗ್ರಹ ಇದ್ದೂ ಹೇಳಕ್ಕಾಗಲ್ವಾ?

ಉತ್ತರ (ನಿವೃತ್ತ ಹವಾಮಾನ ಅಧಿಕಾರಿ): ಗೆರೆ ನಂಬಿದ್ದೇ ಎಡವಟ್ಟಾಯ್ತು ಮಾರಾಯ್ರೆ. ಅದು ಸುಳಿಯ ನಡು ಹೋಗೋ ದಾರಿ ಅಷ್ಟೇ. ಅದರ ಸುತ್ತ ಅಗಲವಾಗ್ತಾ ಹೋಗೋ ಬಣ್ಣವೂ ಮಳೆ ಬೀಳೋ ಜಾಗ ಅಲ್ಲ. ನಡು ಆಚೀಚೆ ಎಷ್ಟು ಸರಿಯಬಹುದು ಅನ್ನೋ ಅಂದಾಜು. ಮೋಡದ ಸೆರಗು ನೂರಾರು ಕಿ.ಮೀ. ಚಾಚಿರುತ್ತೆ. ಫೆಂಗಲ್ ನವೆಂಬರ್ 30ರ ರಾತ್ರಿ ದಡ ಹತ್ತಿ ಅಲ್ಲೇ ತಂಗಿತು. ಪುದುಚೇರಿಯಲ್ಲಿ ಒಂದೇ ದಿನಕ್ಕೆ ಹೆಚ್ಚುಕಮ್ಮಿ ಅರ್ಧ ಮೀಟರ್ ಮಳೆ. ಆಮೇಲೆ ಬಲ ಕಳಕೊಂಡು ಕರ್ನಾಟಕ ದಾಟಿ ಅರಬ್ಬಿ ಸಮುದ್ರಕ್ಕಿಳಿಯಿತು.

ದಾರಿ ಹೇಳೋದು ಈಗ ಬಹಳ ಸುಧಾರಿಸಿದೆ. 1999ರ ಒಡಿಶಾ ಸೂಪರ್ ಸೈಕ್ಲೋನ್‌ಗೆ ಸುಮಾರು 10,000 ಜನ ಹೋದರು. 2013ರ ಫೈಲಿನ್‌ಗೆ ಮೊದಲೇ ಲಕ್ಷಗಟ್ಟಲೆ ಜನರನ್ನ ಸ್ಥಳಾಂತರಿಸಿದ್ದಕ್ಕೆ ಸಾವು ನೂರು ಮುಟ್ಟಲಿಲ್ಲ. ಆದ್ರೆ ಗಾಳಿ ದಿಢೀರ್ ಬಲಿಯೋದು, ಯಾವ ಗುಡ್ಡದ ಬುಡಕ್ಕೆ ಎಷ್ಟು ಮಿ.ಮೀ. ಅನ್ನೋದು ಇವತ್ತಿಗೂ ಕಷ್ಟ. ನೀವು ನೋಡಬೇಕಾದ್ದು ಜಿಲ್ಲಾವಾರು ಮಳೆ ಮುನ್ಸೂಚನೆ, ಜೊತೆಗೆ ಇನ್ಸಾಟ್ ಉಪಗ್ರಹದ ಚಿತ್ರದಲ್ಲಿ ಮೋಡದ ಅಂಚು ಎಲ್ಲಿಗೆ ಬಂತು ಅನ್ನೋದು.

ಪ್ರಶ್ನೆ (ಸಾಗರ): ಅಮೆರಿಕದವರು ಚಂಡಮಾರುತದ ಒಳಗೇ ವಿಮಾನ ನುಗ್ಗಿಸ್ತಾರಂತೆ. ನಿಜವಾ, ರೀಲ್ಸ್ ಕಥೆಯಾ?

ಉತ್ತರ: ನಿಜ, 1943ರಲ್ಲೇ ಶುರುವಾಗಿದ್ದು. ಪುಟ್ಟ ಪ್ಯಾರಾಚೂಟ್ ಕಟ್ಟಿದ ಕೊಳವೆಯಂಥ ಉಪಕರಣ ಬಿಡ್ತಾರೆ. ಬೀಳ್ತಾ ಬೀಳ್ತಾ ಅದು ಒತ್ತಡ, ತೇವ, ಗಾಳಿ ಎಲ್ಲ ಅಳೆದು ಕಳಿಸುತ್ತೆ. ನಮ್ಮಲ್ಲಿ ಹೆಚ್ಚಾಗಿ ಉಪಗ್ರಹದ ಚಿತ್ರದಲ್ಲಿ ಮೋಡ ಸುತ್ತಿಕೊಂಡ ರೀತಿ ನೋಡಿ ಬಲ ಅಂದಾಜು ಮಾಡ್ತೀವಿ. ದಡ ಹತ್ತಿರಾದ ಮೇಲೆ ಡಾಪ್ಲರ್ ರಾಡಾರ್ ಇದೆ, ಅಂದ್ರೆ ರೇಡಿಯೋ ಅಲೆ ಬಿಟ್ಟು ಮಳೆ, ಗಾಳಿಯ ಚಲನೆ ಅಳೆಯೋ ಯಂತ್ರ.

ಪ್ರಶ್ನೆ (ತೀರ್ಥಹಳ್ಳಿ): ತೋಟದಲ್ಲಿ ಮರ ಬಿದ್ದರೆ ಉಪಗ್ರಹದಲ್ಲೇ ಲೆಕ್ಕ ಸಿಗಲ್ವಾ? ಕಳೆದ ಸಲ ಸರ್ವೆಗೆ ಬರೋ ಹೊತ್ತಿಗೆ ಮರ ಕಡಿದು ಸಾಗಿಸಿ ಆಗಿತ್ತು, ಪರಿಹಾರಕ್ಕೆ ಸಾಕ್ಷಿ ಇಲ್ಲ ಅಂದರು.

ಉತ್ತರ: 2022ರಲ್ಲಿ ಹಾರಿಸಿದ ಇಒಎಸ್-04ರಂಥ ರಾಡಾರ್ ಉಪಗ್ರಹಕ್ಕೆ ಮೋಡ ಅಡ್ಡ ಬರಲ್ಲ, ರಾತ್ರಿಯೂ ಕಾಣುತ್ತೆ. ಗದ್ದೆಯಲ್ಲಿ ನಿಂತ ನೀರು, ನೆರೆ ಹರಡಿದ ಜಾಗ ಚೆನ್ನಾಗಿ ತೋರಿಸುತ್ತೆ. ತೋಟದೊಳಗೆ ಅಲ್ಲೊಂದು ಇಲ್ಲೊಂದು ಉರುಳಿದ ಅಡಿಕೆ ಮರ ಮಾತ್ರ ಅದರ ಲೆಕ್ಕಕ್ಕೆ ಸಿಗೋದಲ್ಲ. ಹಾಗಾಗಿ ಕಡಿಯೋ ಮುಂಚೆ ತಾರೀಕು, ಜಾಗ ಬರೋ ಹಾಗೆ ಫೋಟೋ ತೆಗೀರಿ, ಬುಡ ಎಣಿಸಿ ಬರೆದಿಡಿ, ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ್ದರೆ ಅದು ಬೇರೆ ದಾರಿ: ಅಲ್ಲಿ ನೋಡೋದು ನಿಮ್ಮ ಭಾಗದ ಮಳೆಮಾಪಕದ ಅಂಕಿ, ಬಿದ್ದ ಮರ ಅಲ್ಲ. ನಿಮಗೆ ಯಾವ ಮಾಪಕ ಅನ್ವಯ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಅದರ ಮೇಲೆ ಹಲಸಿನ ಗೆಲ್ಲು ಬಾಗಿದ್ದರೆ ಪಂಚಾಯ್ತಿಗೆ ಹೇಳಿ ಕಡಿಸಿ.