ಅಜ್ಜ ಕಟ್ಟಿಸಿದ ಹೆಂಚಿನ ಮನೆ, ನಾವೇ ರಿಪೇರಿ ಮಾಡಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ ಸೀಮೆಯವ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಕಾಲದ ಮನೆ ಇದೆ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆ, ಮಣ್ಣಿನ ಗಾರೆ, ಮೇಲೆ ಮಂಗಳೂರು ಹೆಂಚು, ನಡುಮನೆಗೆ ಮರದ ಅಟ್ಟ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ನನ್ನ ಕೆಲಸ ಶಿವಮೊಗ್ಗದಲ್ಲಿ, ವಾರಾಂತ್ಯಕ್ಕೆ ಊರಿಗೆ ಹೋಗುತ್ತೇನೆ. ಕೆಡವಿ ಆರ್‌ಸಿಸಿ ಹಾಕಿಸು ಅಂತ ನೆಂಟರೆಲ್ಲ ಹೇಳುತ್ತಾರೆ. ನನಗೆ ಮನಸ್ಸಿಲ್ಲ, ಅಪ್ಪನಿಗಂತೂ ಆ ಮಾತೇ ಬೇಡ. ಆದರೆ ಕೆಲಸದವರು ಸಿಗುತ್ತಿಲ್ಲ. ಮಳೆ ನಿಂತ ಕೂಡಲೇ ಎಲ್ಲರೂ ಅಡಿಕೆ ಕೊಯ್ಲಿಗೆ ಹೋಗುತ್ತಾರೆ, ಕೊಯ್ಲು ಮುಗಿಯುವಷ್ಟರಲ್ಲಿ ಅರ್ಧ ಬೇಸಿಗೆ ಹೋಗಿರುತ್ತದೆ. ಹಾಗಾಗಿ ಆದಷ್ಟು ನಾನೇ ಮಾಡೋಣ ಅಂತಿದ್ದೇನೆ. ಡ್ರಿಲ್ಲು, ಗ್ರೈಂಡರ್ ಇದೆ, ಸಣ್ಣಪುಟ್ಟ ಮರಗೆಲಸ ಬರುತ್ತದೆ.

ತೊಂದರೆ ಏನಂದ್ರೆ, ಪಡುವಣ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಪ್ಲಾಸ್ಟರ್ ಮಾಡಿದ್ದಾರೆ, ಈಗ ನೆಲದಿಂದ ಸೊಂಟದೆತ್ತರದವರೆಗೆ ಬಣ್ಣ ಗುಳ್ಳೆ ಎದ್ದಿದೆ, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಅಟ್ಟದ ಒಂದು ತೊಲೆಯ ತುದಿಗೆ ಗೆದ್ದಲು ಹಿಡಿದು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದೆ. ಮಾಡು ಅಲ್ಲಲ್ಲಿ ಸೋರುತ್ತದೆ. ವೈರಿಂಗು ಮರದ ಪಟ್ಟಿ ಮೇಲಿನದು, ಅರ್ಥಿಂಗ್ ಇಲ್ಲ. ಇದರ ಜೊತೆಗೆ ಅಡುಗೆಮನೆಗೂ ನಡುಮನೆಗೂ ಮಧ್ಯದ ಗೋಡೆ ತೆಗೆದು ದೊಡ್ಡ ಹಾಲ್ ಮಾಡೋಣ ಅಂತ ಮನೆಯವಳ ಆಸೆ. ಯಾವುದು ಮೊದಲು? ಯಾವುದಕ್ಕೆ ನಾನು ಕೈ ಹಾಕಲೇಬಾರದು?

ಜಂಬಿಟ್ಟಿಗೆ:

ಮೊದಲು ನೀರು. ಉಳಿದದ್ದೆಲ್ಲ ಆಮೇಲೆ. ನಿಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಗೋಡೆಗೆ ಮೇಲಿಂದ ಏನು ಬಳಿದರೂ ಪ್ರಯೋಜನ ಇಲ್ಲ, ನೀರು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ಆ ಗೋಡೆಯ ಹೊರಗೆ ಅಂಗಳದ ಮಣ್ಣು ಏರಿ ಏರಿ ಪಂಚಾಂಗದ (ಗೋಡೆ ಕೂತಿರುವ ಅಡಿಪಾಯದ ಕಟ್ಟೆಯ) ಮಟ್ಟಕ್ಕೆ ಬಂದಿದೆಯಾ? ಹಳೆ ಮನೆಗಳಲ್ಲಿ ಇದು ತುಂಬ ಸಾಮಾನ್ಯ. ಮಣ್ಣು ತೆಗೆದು ತಗ್ಗಿಸಿ. ಸೂರಿನ ನೀರು ಬೀಳುವಲ್ಲಿ ಕಲ್ಲು ಹಾಸಿ, ಮನೆಯಿಂದ ಆಚೆಗೆ ಇಳಿಜಾರಾಗಿ ಚರಂಡಿ ಮಾಡಿ. ಇದಕ್ಕೆ ಗುದ್ದಲಿ ಸಾಕು, ಧಾರಾಳವಾಗಿ ನೀವೇ ಮಾಡಬಹುದು. ಹಿಂದಿನವರು ಮಳೆಗಾಲಕ್ಕೆ ಆ ಬದಿಗೆ ಸೋಗೆ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ.

ಇನ್ನು ಸಿಮೆಂಟು. ಜಂಬಿಟ್ಟಿಗೆಯೂ ಮಣ್ಣೂ ನೆಲದ ತೇವ ಎಳೆದುಕೊಳ್ಳುತ್ತವೆ, ಬಿಸಿಲು ಬಂದಾಗ ಹೊರಗೆ ಬಿಡುತ್ತವೆ. ಮೇಲೆ ಸಿಮೆಂಟ್ ಮೆತ್ತಿದರೆ ಆ ತೇವ ಒಳಗೇ ಉಳಿಯುತ್ತದೆ, ಜೊತೆಗೆ ಬಂದ ಉಪ್ಪು ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತದೆ. ನಿಮ್ಮ ಟೊಳ್ಳು ಸದ್ದು ಅದೇ. ಟೊಳ್ಳಾದ ಭಾಗವನ್ನೆಲ್ಲ ತೆಗೆಯಬೇಕು. ಆದರೆ ಬ್ರೇಕರ್ ಮೆಷಿನ್ ತರಬೇಡಿ ಮಾರಾಯ್ರೆ, ಮಣ್ಣಿನ ಗಾರೆಯ ಗೋಡೆ ಆ ಅದುರು ತಡೆಯುವುದಿಲ್ಲ. ಉಳಿ, ಸಣ್ಣ ಸುತ್ತಿಗೆ, ತಾಳ್ಮೆ. ಆಮೇಲೆ ಗೋಡೆ ಆರಲು ಬಿಡಿ. ಒಂದು ಬೇಸಿಗೆ ಪೂರ್ತಿ ಬೇಕಾದರೂ ಬಿಡಿ. ಜನ ತಪ್ಪುವುದೇ ಇಲ್ಲಿ, ಬಣ್ಣ ಹೊಡೆಯುವ ಅವಸರ.

ಆರಿದ ಮೇಲೆ ಸುಣ್ಣದ ಗಾರೆ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಒಂದು ಕೋಟು 10-12 ಮಿಲಿಮೀಟರ್ ಮೀರದಿರಲಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ, ಅದಕ್ಕೇ ಕೆಲವು ದಿನ ಒದ್ದೆ ಗೋಣಿ ಹೊದಿಸಿ ಬಿಸಿಲು ತಪ್ಪಿಸಬೇಕು. ಕರಾವಳಿಯ ಕಪ್ಪೆಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು. ಸುಟ್ಟ ಸುಣ್ಣವನ್ನು ನೀವೇ ಅರಳಿಸುವುದಾದರೆ ಕನ್ನಡಕ, ಕೈಗವಸು ಬೇಕೇ ಬೇಕು. ನೀರು ಬಿದ್ದ ತಕ್ಷಣ ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕೊನೆಗೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಮಾಡಿದ್ದೆಲ್ಲ ದಂಡ.

ಸಾಗರದ ಮರಗೆಲಸ:

ಗೋಡೆ ಬಗ್ಗೆ ಅಣ್ಣ ಹೇಳಿದ್ದು ಸರಿ. ಆದರೆ ನಾನಾದರೆ ಆ ತೊಲೆಗೆ ಇವತ್ತೇ ಕೆಳಗಿನಿಂದ ಆಸರೆ ಕಂಬ ಕೊಡುತ್ತೇನೆ, ಚರಂಡಿ ಕೆಲಸ ನಾಳೆ. ಅಟ್ಟದ ಮೇಲೆ ಏನೇ ತೂಕ ಇದ್ದರೂ ಇಳಿಸಿ. ಅಪ್ಪ ಅಮ್ಮ ಅದರ ಕೆಳಗೇ ಓಡಾಡುತ್ತಾರೆ ಅಲ್ವಾ.

ಗೆದ್ದಲಿನ ಮಣ್ಣಿನ ಗೆರೆ ಒರೆಸಿ ಹಾಕಿದರೆ ಹೋಗುವುದಿಲ್ಲ, ಅದು ನೆಲದಿಂದ ಬರುತ್ತದೆ. ಗೋಡೆಯೂ ನೆಲವೂ ಸೇರುವಲ್ಲಿ ಸುಮಾರು ಒಂದಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು ಔಷಧಿ ಬಿಡುವುದು ಪದ್ಧತಿ. ಇದನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಬಾವಿ ಎಷ್ಟು ದೂರ ಇದೆ ಅಂತ ಮೊದಲೇ ತೋರಿಸಿ. ನಮ್ಮ ಕಡೆ ಬಾವಿ ಅಡುಗೆಮನೆಗೆ ತಾಗಿಕೊಂಡೇ ಇರುತ್ತದೆ, ಕುಡಿಯುವ ನೀರಿಗೆ ಔಷಧಿ ಸೇರಿದರೆ ಏನು ಮಾಡುತ್ತೀರಿ?

ತೊಲೆ ಪೂರ್ತಿ ಬದಲಿಸಬೇಕಾಗಿಲ್ಲ. ಕೆಟ್ಟ ತುದಿ ಕತ್ತರಿಸಿ ಹೊಸ ಮರ ಸಂದು ಹಾಕಿ ಬೋಲ್ಟ್ ಮಾಡಬಹುದು, ಆದರೆ ಅದು ಆಚಾರಿಯವರ ಕೆಲಸ. ಹಳೆ ಮನೆ ಕೆಡವಿದಲ್ಲಿ ಹಲಸು, ಬೋಗಿ ಮರ ಸಿಗುತ್ತದೆ, ಚೆನ್ನಾಗಿ ಆರಿರುತ್ತದೆ. ಗೋಡೆಯೊಳಗೆ ಕೂರುವ ತುದಿಯನ್ನು ಸಿಮೆಂಟಿನಿಂದ ಮುಚ್ಚಬೇಡಿ, ಸುತ್ತ ಸ್ವಲ್ಪ ಗಾಳಿ ಆಡಲಿ. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಮರಕ್ಕೆ ನೀವೇ ಹಚ್ಚಬಹುದು, ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ.

ಹೆಂಚು ಕೈಯಾಡಿಸುವುದನ್ನೂ (ತೆಗೆದು ಸರಿಯಾಗಿ ಜೋಡಿಸುವುದು) ನೀವೇ ಮಾಡಬಹುದು, ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಗಟ್ಟಿ ಇದ್ದರೆ ಮಾತ್ರ. ಅಂಗಡಿಯಿಂದ ಯಾವುದೋ ಹೆಂಚು ತಂದು ನಡುವೆ ತುರುಕಬೇಡಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಬೇರೆ ಬೇರೆಯವರು ಹೆಂಚು ಮಾಡಿದರು, ಎಲ್ಲರ ಅಚ್ಚೂ ಒಂದೇ ಅಲ್ಲ. ಒಂದರ ತುಟಿ (ಅಂಚು) ಇನ್ನೊಂದರಲ್ಲಿ ಸರಿಯಾಗಿ ಕೂರದಿದ್ದರೆ ಅಲ್ಲೇ ಸೋರುತ್ತದೆ. ಹೆಂಚಿನ ಅಡಿಯಲ್ಲಿ ಕಾರ್ಖಾನೆ ಹೆಸರು ಇರುತ್ತದೆ, ಅದೇ ಹೆಸರಿನದು ಹುಡುಕಿ. ಮಂಗಗಳ ಕಾಟ ಇದ್ದೇ ಇರುತ್ತದೆ, ಸ್ವಲ್ಪ ಜಾಸ್ತಿಯೇ ತಂದಿಡಿ.

ಕರೆಂಟ್ ಕೆಲಸ, ಹೊಸನಗರ:

ವೈರಿಂಗ್ ಮುಟ್ಟಬೇಡಿ. ಹಳೆ ವೈರಿನ ರಬ್ಬರ್ ಒಣಗಿರುತ್ತದೆ, ಬಗ್ಗಿಸಿದರೆ ಪುಡಿಯಾಗಿ ತಂತಿ ಹೊರಗೆ ಬರುತ್ತದೆ. ಲೈಸೆನ್ಸ್ ಇರುವವರನ್ನು ಕರೆದು ಪೂರ್ತಿ ಹೊಸದು ಮಾಡಿಸಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ. ಮೀಟರಿನ ಸೀಲು ಕರೆಂಟ್ ಕಂಪನಿ ಮೆಸ್ಕಾಂನದು, ಅದಕ್ಕೆ ಯಾರೂ ಕೈ ಹಾಕುವಂತಿಲ್ಲ. ಅರ್ಥಿಂಗ್ ಗುಂಡಿ ನೀವೇ ತೋಡಿಕೊಡಿ, ಕೂಲಿ ಉಳಿಯುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಆಗಾಗ ನೀರು ಹಾಕುತ್ತಿರಿ.

ತೀರ್ಥಹಳ್ಳಿ ಸೀಮೆಯವ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಈ ಶನಿವಾರವೇ ಆಸರೆ ಕಂಬ ಕೊಡುತ್ತೇನೆ. ಮಧ್ಯದ ಗೋಡೆ ಬಗ್ಗೆ ಮಾತ್ರ ಯಾರೂ ಹೇಳಲಿಲ್ಲ.

ಜಂಬಿಟ್ಟಿಗೆ:

ಅಟ್ಟದ ತೊಲೆಗಳು ಆ ಗೋಡೆ ಮೇಲೆ ಕೂತಿವೆಯಾ ನೋಡಿ. ಕೂತಿದ್ದರೆ ಆ ಆಸೆ ಬಿಟ್ಟುಬಿಡಿ. ಕೂತಿಲ್ಲದಿದ್ದರೂ ಮಣ್ಣಿನ ಗಾರೆಯ ಮನೆಯಲ್ಲಿ ಅಡ್ಡಗೋಡೆಯೇ ಉದ್ದಗೋಡೆಯನ್ನು ಹಿಡಿದು ನಿಲ್ಲಿಸಿರುತ್ತದೆ, ಹಳೆ ಮನೆ ಗೊತ್ತಿರುವ ಎಂಜಿನಿಯರ್ ಬಂದು ನೋಡದೆ ಒಂದು ಕಲ್ಲೂ ಕೀಳಬೇಡಿ. ನಿಮ್ಮ ಮನೆಯವಳಿಗೆ ಬೇಕಿರುವುದು ಜಾಗವೋ ಬೆಳಕೋ ಅಂತ ಒಮ್ಮೆ ಕೇಳಿ. ಬೆಳಕಾದರೆ ಅಡುಗೆಮನೆ ಮಾಡಿಗೆ ಎರಡು ಮೂರು ಗಾಜಿನ ಹೆಂಚು ಹಾಕಿದರೆ ಆಗುತ್ತದೆ. ಅಂಗಡಿಗೆ ಹೋಗುವಾಗ ಹಳೆ ಹೆಂಚೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಜೋಡಿಸಿ ನೋಡಿ ತನ್ನಿ.