ಅಪ್‌ಡೇಟ್: ಟ್ಯಾಬ್‌ನಲ್ಲಿ ಟರ್ಮಕ್ಸ್ ಈಗ ನಿಲ್ಲುತ್ತಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಟ್ಯಾಬ್‌ನ ಟರ್ಮಕ್ಸ್‌ನಲ್ಲಿ (ಆಂಡ್ರಾಯ್ಡ್‌ನಲ್ಲಿ ಲಿನಕ್ಸ್ ಕಮಾಂಡ್ ಕೊಡುವ ಆಪ್) ನಂಪೈ (ಪೈಥಾನ್‌ನಲ್ಲಿ ಲೆಕ್ಕ ಮಾಡುವ ಲೈಬ್ರರಿ) ಹಾಕಲು ಹೋದರೆ ಅರ್ಧದಲ್ಲೇ 'ಸಿಗ್ನಲ್ 9' ಅಂತ ಬಂದು ಎಲ್ಲ ನಿಂತುಹೋಗುತ್ತದೆ ಅಂತ. ಸರಿಹೋಯ್ತು!

ಬ್ಯಾಟರಿ ಆಪ್ಟಿಮೈಸೇಶನ್ ತೆಗೆದೆ, ಟ್ಯಾಬ್ ನಿದ್ದೆಗೆ ಹೋಗದಂತೆ ತಡೆಯುವ ವೇಕ್ ಲಾಕ್ ಹಾಕಿದೆ. ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು ಡೆವಲಪರ್ ಆಪ್ಷನ್ಸ್ ಒಳಗಿನ 'ಡಿಸೇಬಲ್ ಚೈಲ್ಡ್ ಪ್ರೋಸೆಸ್ ರಿಸ್ಟ್ರಿಕ್ಷನ್ಸ್'. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ನನ್ನದು ಆಂಡ್ರಾಯ್ಡ್ 14. ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಆ ಮೆನು ತೆರೆಯುತ್ತದೆ.

ನನಗೆ ಗೊತ್ತೇ ಇರದ ವಿಷಯ ಅಂದ್ರೆ, ಆಂಡ್ರಾಯ್ಡ್ 12ರಿಂದ ಈಚೆಗೆ ಎಲ್ಲ ಆಪ್‌ಗಳ ಚೈಲ್ಡ್ ಪ್ರೋಸೆಸ್ (ಆಪ್ ತಾನೇ ಹಿನ್ನೆಲೆಯಲ್ಲಿ ಶುರು ಮಾಡುವ ಉಪಕೆಲಸ) ಸೇರಿ 32 ದಾಟಿದರೆ ಸಿಸ್ಟಮ್ಮೇ ಕೆಲವನ್ನು ನಿಲ್ಲಿಸಿಬಿಡುತ್ತದೆ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್‌ನಲ್ಲಿ ನಂಪೈ ಕಂಪೈಲ್ ಆಗುವಾಗ (ಮೂಲ ಕೋಡ್‌ನಿಂದ ತಯಾರಾಗುವಾಗ) ಅದಕ್ಕೇ ಸಿಕ್ಕಿಬೀಳುತ್ತಿತ್ತು. 'ಪಿಕೆಜಿ ಇನ್‌ಸ್ಟಾಲ್ ಪೈಥಾನ್-ನಂಪೈ' ಕಮಾಂಡ್ ಕೊಟ್ಟರೆ ಸಿದ್ಧವಾದ ನಂಪೈ ಬರುತ್ತದೆ, ಕಂಪೈಲ್ ಗೋಜೇ ಇಲ್ಲ, ನೀವು ಮೊದಲು ಇದನ್ನೇ ಮಾಡಿ.

ವಿರಾಜಪೇಟೆ ಹತ್ತಿರದ ನಮ್ಮ ತೋಟದಲ್ಲಿ ಮಳೆಗೆ ಕರೆಂಟ್ ಹೋಗಿ ಎರಡು ದಿನ ಆಯ್ತು. ಬ್ಲೂಟೂತ್ ಕೀಬೋರ್ಡ್, ಪವರ್ ಬ್ಯಾಂಕ್, ಪಕ್ಕದಲ್ಲಿ ತಾತನ ಮಳೆ ಪುಸ್ತಕ ಇಟ್ಟುಕೊಂಡು ಕೂತಿದ್ದೇನೆ. ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ದಿನದ ಮಳೆ ಲೆಕ್ಕವೆಲ್ಲ ಪೆನ್ಸಿಲ್‌ನಲ್ಲೇ ಬರೆದಿದ್ದಾರೆ, ಕೆಲವು ಕಡೆ ಅಳಿಸಿಹೋಗಿದೆ. ಜುಲೈ ತಿಂಗಳದ್ದು ಟೈಪ್ ಮಾಡಿ ಮುಗಿಸಿದೆ. ನಿನ್ನೆ ರಾತ್ರಿ ನಂಪೈನಲ್ಲಿ ಮೊದಲ ಸರಾಸರಿ ಬಂತು.