ಸಹಾಯ ಬೇಕು: ಚಿಕ್ಕ ಮಕ್ಕಳಿಂದ ಜೋಳದ ದಂಟಿನ ಆಟಿಕೆ ಮಾಡಿಸುವುದು ಹೇಗೆ?

ಸದಸ್ಯರೆಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಬೀದರಿನ ನಮ್ಮ ಓಣಿಯ 4ರಿಂದ 6 ವರ್ಷದ ಮಕ್ಕಳನ್ನು ಕೂಡಿಸಿಕೊಂಡು, ಅವರ ಕೈಯಿಂದಲೇ ಆಗುವಂಥ ಸರಳ ಕರಕುಶಲ ಕೆಲಸಗಳನ್ನು ಮಾಡಿಸಬೇಕೆಂದಿದ್ದೇನೆ. ಕ್ರಿಸ್‌ಮಸ್ಸಿಗೆ ಬಣ್ಣದ ಕಾಗದದ ನಕ್ಷತ್ರ ಮಾಡಿಸುವುದು ಕಷ್ಟವಲ್ಲ.

ನನಗೆ ಸಲಹೆ ಬೇಕಿರುವುದು ಜೋಳದ ದಂಟಿನ ಕೆಲಸದ ಬಗ್ಗೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲುವ ನಮ್ಮ ಭಾಗದಲ್ಲಿ, ಒಣ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿನ ತುಂಡುಗಳಿಗೆ ಆ ಸಿಪ್ಪೆಯ ಕಡ್ಡಿಗಳನ್ನೇ ಚುಚ್ಚಿ ಬಂಡಿ, ಕನ್ನಡಕ ಮಾಡುವುದನ್ನು ಹಿರಿಯರು ಬಲ್ಲರು. ಅದು ಈ ಮಕ್ಕಳಿಗೂ ಬರಬೇಕೆಂಬುದು ನನ್ನ ಮನದಾಸೆ. ಆದರೆ ಸಿಪ್ಪೆಯ ಅಂಚು ಬ್ಲೇಡಿನಂತೆ ಹರಿತವಾಗಿರುವುದರಿಂದ ಎಳೆಯ ಬೆರಳುಗಳಿಗೆ ಗಾಯವಾಗುವ ಭಯವಿದೆ. ಬೆಂಡನ್ನು ದೊಡ್ಡವರೇ ಮೊದಲು ಕತ್ತರಿಸಿಟ್ಟು, ಸಿಪ್ಪೆಯ ಬದಲು ಉರಿದುಳಿದ ಊದುಬತ್ತಿಯ ಕಡ್ಡಿಗಳನ್ನು ಕೊಟ್ಟರೆ ಬಂಡಿ ಗಟ್ಟಿಯಾಗಿ ನಿಲ್ಲುತ್ತದೆಯೇ? ಚುಚ್ಚುವಾಗ ಬೆಂಡು ಸೀಳದಂತೆ ಏನು ಮಾಡಬೇಕು?

ಇನ್ನೊಂದು ಪ್ರಶ್ನೆ: ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ನಮ್ಮ ಬಿದರಿ ಕೆಲಸವನ್ನು ಮಕ್ಕಳಿಗೆ ಪರಿಚಯಿಸಲು, ಕಪ್ಪು ಹಾಳೆಯ ಮೇಲೆ ಬೆಳ್ಳಿ ಬಣ್ಣದ ಕಾಗದದ ಹೂಬಳ್ಳಿ ಅಂಟಿಸುವ ಯೋಚನೆಯಿದೆ. ಮೈದಾ ಅಂಟು ಕಪ್ಪು ಹಾಳೆಯ ಮೇಲೆ ಬಿಳಿ ಕಲೆ ಉಳಿಸದಿರಲು ಉಪಾಯವಿದೆಯೇ? ಮಾಡಿಸಿ ಅನುಭವವಿರುವ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ತಾಯಂದಿರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.